ಚಾಕೊಲೇಟು, ವೆನಿಲ್ಲಾ, ಒಂದು ಸ್ಟೀಲ್ ಸ್ಕೇಲು

ಕಪ್ಪು ಬಿಳಿ ಚೌಕಗಳ ಬಿಸ್ಕತ್ತು ನೀವೂ ತಿಂದಿರುತ್ತೀರಿ. ಒಂದು ಚೌಕ ಚಾಕೊಲೇಟು, ಪಕ್ಕದ್ದು ವೆನಿಲ್ಲಾ. ನಮ್ಮ ಬೇಕರಿಗಳಲ್ಲಿ ಗಾಜಿನ ಡಬ್ಬಿಯಲ್ಲಿಟ್ಟು ತೂಕದ ಮೇಲೆ ಮಾರುತ್ತಾರೆ. ಜರ್ಮನಿಯಲ್ಲಿ ಕ್ರಿಸ್‌ಮಸ್ ಬಂತೆಂದರೆ ಮನೆಗಳಲ್ಲೇ ಮಾಡುತ್ತಾರೆ. ನೋಡಿದವರು ಮೊದಲು ಕೇಳುವುದು, ಆ ಚೌಕ ಅಷ್ಟು ನೀಟಾಗಿ ಹೇಗೆ ಬಂತು ಅಂತ. ಚೌಕದಲ್ಲಿ ಅಂಥ ವಿದ್ಯೆ ಏನೂ ಇಲ್ಲ, ಒಂದು ಸ್ಟೀಲ್ ಸ್ಕೇಲು ಇದ್ದರೆ ಆಯಿತು. ಸತಾಯಿಸುವುದು ಹದ. ಕೋಕೋ ಬಿದ್ದ ಹಿಟ್ಟಿನ ಗುಣ ಒಂದು, ಬೀಳದ ಹಿಟ್ಟಿನ ಗುಣ ಇನ್ನೊಂದು. ಎರಡೂ ಒಂದೇ ಹದಕ್ಕೆ ಬಂದರೆ ಮಾತ್ರ ಒಂದಕ್ಕೊಂದು ಅಂಟುತ್ತವೆ, ಒಟ್ಟಿಗೆ ಬೇಯುತ್ತವೆ.

ಏಪ್ರಿಲ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳತಿಯರೆಲ್ಲ ಜಯನಗರದಲ್ಲಿ ಒಬ್ಬಳ ಮನೆಯಲ್ಲಿ ಸೇರುವುದು ಅಂತಾಯಿತು. ಒಬ್ಬೊಬ್ಬರೂ ಏನಾದರೂ ಮಾಡಿಕೊಂಡು ಬರಬೇಕು, ಅಂಗಡಿಯದು ತರುವ ಹಾಗಿಲ್ಲ. ಚಿತ್ರಾನ್ನ, ಕೋಸಂಬರಿ, ಬಿಸಿಬೇಳೆಬಾತು ಎಲ್ಲ ಗ್ರೂಪಿನಲ್ಲಿ ಆಗಲೇ ಹಂಚಿಹೋಗಿತ್ತು. ನನ್ನ ಪಾಲಿಗೆ ಉಳಿದದ್ದು ಸಿಹಿ. ಇಬ್ಬರು ಮೊಟ್ಟೆ ತಿನ್ನುವುದಿಲ್ಲ. ಮೆಟ್ರೋದಲ್ಲಿ ನಿಂತುಕೊಂಡು ಹೋಗಬೇಕು, ಹಾಗಾಗಿ ಕೇಕು ಕ್ರೀಮು ಎಲ್ಲ ಬೇಡ. ಮಕ್ಕಳೂ ಬರುತ್ತಾರೆ, ಕೈ ತುಂಬ ಕೊಡುವಷ್ಟು ಇರಬೇಕು. ಬಿಸ್ಕತ್ತಾದರೆ ಎಲ್ಲದಕ್ಕೂ ಸರಿ ಅನ್ನಿಸಿತು. ಬರೀ ಬೆಣ್ಣೆ ಬಿಸ್ಕತ್ತು ತಗೊಂಡು ಹೋದರೆ ಬೆಂಗಳೂರಿನವರು ಯಾಕೆ ನೋಡುತ್ತಾರೆ? ಬೀದಿಗೊಂದು ಅಯ್ಯಂಗಾರ್ ಬೇಕರಿ ಇದೆ. ಅದಕ್ಕೇ ಈ ಎರಡು ಬಣ್ಣದ್ದು.

ಅಳತೆ ನೆನಪಿಡುವುದು ಸುಲಭ. ಜರ್ಮನ್ನರ ಲೆಕ್ಕ ಒಂದು, ಎರಡು, ಮೂರು. ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. ಎಲ್ಲ ತೂಕದ ಪಾಲು, ಲೋಟದ್ದಲ್ಲ. ನಾನು ತಗೊಂಡಿದ್ದು 200 ಗ್ರಾಂ ಸಕ್ಕರೆ, 400 ಗ್ರಾಂ ಬೆಣ್ಣೆ, 600 ಗ್ರಾಂ ಮೈದಾ. ಇಷ್ಟರಲ್ಲಿ ಮೂರು ಸೆಂಟಿಮೀಟರ್ ಅಗಲದ ಬಿಸ್ಕತ್ತು ನೂರರ ಮೇಲೆ ಆಗುತ್ತವೆ. ಕೆಲವರು ಇದಕ್ಕೊಂದು ಮೊಟ್ಟೆ ಸೇರಿಸುತ್ತಾರೆ. ಇಲ್ಲದಿದ್ದರೆ ಬಿಸ್ಕತ್ತು ಇನ್ನೂ ಪುಡಿಪುಡಿಯಾಗಿ ಬಾಯಲ್ಲಿ ಕರಗುತ್ತದೆ, ನನಗೆ ಅದೇ ಇಷ್ಟ. ಸೋಡಾ, ಬೇಕಿಂಗ್ ಪೌಡರ್ ಎರಡೂ ಬೇಡ. ನಾನ್‌ಖಟಾಯಿಗೆ ಸೋಡಾ ಹಾಕುವುದು ಅದು ಉಬ್ಬಿ ಬಿರಿಯಲಿ ಅಂತಲೇ. ಇಲ್ಲಿ ಉಬ್ಬಿದರೆ ಚೌಕದ ಗೆರೆ ಸೊಟ್ಟಗಾಗುತ್ತದೆ. ಸಕ್ಕರೆಯೂ ನುಣ್ಣಗೆ ಪುಡಿಯಾಗಿರಬೇಕು. ಹರಳು ಹಾಗೇ ಉಳಿದರೆ ಶಾಖಕ್ಕೆ ಕರಗಿ ಬಿಸ್ಕತ್ತು ಅಗಲಕ್ಕೆ ಹರಡಿಕೊಳ್ಳುತ್ತದೆ.

ಇನ್ನು ವೆನಿಲ್ಲಾ. ವೆನಿಲ್ಲಾ ಅಂದರೆ ಏನೂ ಹಾಕದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಐಸ್‌ಕ್ರೀಮ್ ಅಂಗಡಿಯಲ್ಲಿ ಬೇರೆ ಯಾವುದೂ ಇಲ್ಲ ಅಂದರೆ, ಹೋಗಲಿ ವೆನಿಲ್ಲಾನೇ ಕೊಡಿ ಅನ್ನುತ್ತೇವಲ್ಲ, ಹಾಗೆ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಪುತ್ತೂರು ಕಡೆ ನಮ್ಮ ಚಿಕ್ಕಮ್ಮನ ಅಡಿಕೆ ತೋಟದಲ್ಲಿ ವೆನಿಲ್ಲಾ ಬೆಳೆಯುತ್ತಿದ್ದರು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾಯಿತು, ಜಗತ್ತಿನ ತುಂಬ ವೆನಿಲ್ಲಾ ಬೆಲೆ ಏರತೊಡಗಿತು. ಎರಡು ಮೂರು ವರ್ಷದೊಳಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಕೊಡಗು, ಮಲೆನಾಡು ಎಲ್ಲ ಕಡೆ ತೋಟದವರು ಬಳ್ಳಿ ನೆಟ್ಟರು. ಕಳ್ಳರ ಕಾಟಕ್ಕೆ ರಾತ್ರಿ ಟಾರ್ಚು ಹಿಡಿದು ಕಾವಲು ಕೂರುತ್ತಿದ್ದರು. 2004ರ ಆಚೆ ಬೆಲೆ ದಡಕ್ಕನೆ ಬಿತ್ತು. ಬಳ್ಳಿಗೆ ಕೊಳೆರೋಗವೂ ಬಂತು. ಈಗ ಚಿಕ್ಕಮ್ಮನ ಮನೆ ಹಿಂದೆ ಉಳಿದಿರುವುದು ನಾಲ್ಕಾರು ಬಳ್ಳಿ, ಅದೂ ಸುಮ್ನೆ ಆಸೆಗೆ.

ಆ ನಾಲ್ಕಾರು ಬಳ್ಳಿಯ ಚಾಕರಿ ನೋಡಬೇಕು. ಹೂ ಬೆಳಗಿನ ಜಾವ ಅರಳುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಇದು ಮೆಕ್ಸಿಕೋ ಕಡೆಯ ಗಿಡ, ಅಲ್ಲಿ ದುಂಬಿಗಳು ಮಾಡುವ ಕೆಲಸವನ್ನು ಇಲ್ಲಿ ಮನುಷ್ಯರೇ ಮಾಡಬೇಕು. ತೆಳ್ಳನೆ ಕಡ್ಡಿಯಿಂದ ಹೂವಿನೊಳಗಿನ ಪುಟ್ಟ ಪರದೆ ಎತ್ತಿ, ಪರಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ಮುಟ್ಟಿಸುವುದು. ಈ ಉಪಾಯ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಇವತ್ತಿಗೂ ಎಲ್ಲ ಕಡೆ ಅದೇ ಕಡ್ಡಿ, ಅದೇ ಹೆಬ್ಬೆರಳು. ಆಮೇಲೆ ಕೋಡು ಬಲಿಯಲು ಎಂಟು ಒಂಬತ್ತು ತಿಂಗಳು. ಕಿತ್ತ ಕೋಡಿಗೆ ಪರಿಮಳವೇ ಇಲ್ಲ, ಮೂಸಿದರೆ ಬರೀ ಹಸಿ ಸೊಪ್ಪಿನ ವಾಸನೆ. ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಮತ್ತೆ ಸುತ್ತಿ, ಕೊನೆಗೆ ನೆರಳಲ್ಲಿ ಒಣಗಿಸಿದರೆ ಪರಿಮಳ ಏಳುತ್ತದೆ. ಅದಕ್ಕೂ ತಿಂಗಳುಗಟ್ಟಲೆ. "ಬಾಣಂತನ ಆದರೂ ಬೇಗ ಮುಗಿಯುತ್ತದೆ ಮಾರಾಯ್ತಿ, ಇದು ಮುಗಿಯುವುದಿಲ್ಲ" ಅನ್ನುತ್ತಾರೆ ಚಿಕ್ಕಮ್ಮ.

ಹೋದ ಸಲ ಊರಿಗೆ ಹೋದಾಗ ಅವರು ಹಾರ್ಲಿಕ್ಸ್ ಬಾಟಲಿಯಿಂದ ತೆಗೆದುಕೊಟ್ಟ ಕೋಡುಗಳನ್ನು ನಾನು ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. ಕಪ್ಪಗೆ, ಸುಕ್ಕು ಸುಕ್ಕಾಗಿ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಎಣ್ಣೆ ಹತ್ತುತ್ತದೆ. ಡಬ್ಬಿ ತೆರೆದರೆ ಅಡುಗೆಮನೆಯೆಲ್ಲ ಘಂ ಅನ್ನುತ್ತದೆ. ಆ ಸಕ್ಕರೆಯನ್ನೇ ಮಿಕ್ಸಿಗೆ ಹಾಕಿ ಪುಡಿ ಮಾಡಿಕೊಂಡೆ. ಒಂದು ಕೋಡನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಒಳಗಿನ ಬೀಜ ಕೆರೆದು ತೆಗೆದೆ. ಕಡುಗಪ್ಪು ಅಂಟು, ಅದರಲ್ಲಿ ರಾಗಿಗಿಂತ ಎಷ್ಟೋ ಸಣ್ಣ ಸಾವಿರಾರು ಬೀಜ. ಎಸೆನ್ಸ್ ಹಾಕಿದರೂ ಪಾಪವೇನಿಲ್ಲ. ವೆನಿಲ್ಲಾದ ಮುಖ್ಯ ಪರಿಮಳವಾದ ವೆನಿಲಿನ್ ಅನ್ನು 1874ರಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞರು ಲ್ಯಾಬಿನಲ್ಲಿ ತಯಾರಿಸಿದ್ದರು. ಅಂಗಡಿಯ ಎಸೆನ್ಸ್ ಬಹುಪಾಲು ಅಂಥ ವೆನಿಲಿನ್ನೇ. ಇಷ್ಟು ತೆಳ್ಳಗಿನ ಬಿಸ್ಕತ್ತಿನಲ್ಲಿ ಒಳ್ಳೇ ಕೋಡಿನ ಸೂಕ್ಷ್ಮ ವಾಸನೆ ಎಷ್ಟೋ ಓವನ್‌ನಲ್ಲೇ ಹಾರಿಹೋಗುತ್ತದೆ. ಮನೆಯಲ್ಲಿ ಕೋಡು ಇರುವಾಗ ಎಸೆನ್ಸ್ ಯಾಕೆ ಅಂತ ನಾನು ಇದನ್ನು ಹಾಕಿದ್ದು, ಅಷ್ಟೆ.

ಕಪ್ಪು ಭಾಗದ ಬೇರೂ ಅಂಥ ತೋಟದಲ್ಲೇ ಇದೆ. ಅಡಿಕೆ ಮರಗಳ ನೆರಳಲ್ಲಿ ಕೊಕ್ಕೊ ಗಿಡ, ಕೋಕೋ ಪುಡಿ ಬರುವುದು ಇದರ ಬೀಜದಿಂದಲೇ. ಚಿಕ್ಕವರಿದ್ದಾಗ ಹಣ್ಣನ್ನು ಕಲ್ಲಿಗೆ ಕುಟ್ಟಿ ಒಡೆದು, ಬೀಜದ ಸುತ್ತ ಇರುವ ಬಿಳಿ ಲೋಳೆ ಚೀಪಿ ಬೀಜ ಉಗುಳುತ್ತಿದ್ದೆವು. ಅಳಿಲುಗಳದೂ ಅದೇ ಕಾರುಬಾರು. ಉಗುಳಿದ ಬೀಜದಲ್ಲೇ ಚಾಕೊಲೇಟು ಇರುವುದು ಅಂತ ಆಗ ಯಾರು ಹೇಳಿದರೂ ನಂಬುತ್ತಿರಲಿಲ್ಲ, ಅಷ್ಟು ಕಹಿ. ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲೆ ಅದಕ್ಕೆ ಆ ರುಚಿ ಬರುವುದು. ಕೊಕ್ಕೊ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾಗಿದ್ದ ಕಾಲವೂ ಇತ್ತು. ಆಗ ಖರೀದಿಗೆ ಇಳಿದದ್ದು ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಶುರುವಾದ ಸಹಕಾರ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಅವರ ಚಾಕೊಲೇಟ್ ಕಾರ್ಖಾನೆಯೂ ಬಂತು. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಕೊಕ್ಕೊ ಬೆಲೆ ಟನ್ನಿಗೆ 10,000 ಡಾಲರ್ ದಾಟಿತಲ್ಲ, ಆಗ ತೋಟದವರಿಗೆ ಖುಷಿ, ಕೋಕೋ ಪುಡಿಯ ಡಬ್ಬಿ ಕೊಳ್ಳುವ ನನ್ನಂಥವರಿಗೆ ಸಂಕಟ.

ಪುಡಿಯಲ್ಲೂ ಎರಡು ಜಾತಿ. ಸಾದಾ ಕೋಕೋ ಕೆಂಪಗೆ ಕಂದು, ಸ್ವಲ್ಪ ಹುಳಿ. ಕ್ಷಾರ ಹಾಕಿ ಸಂಸ್ಕರಿಸಿದ್ದು ಕಡು ಕಂದು, ರುಚಿ ಮೆದು. ಇದು ಡಚ್ಚರ ಪದ್ಧತಿ, ಅದಕ್ಕೇ ಡಚ್ ಕೋಕೋ ಅನ್ನುತ್ತಾರೆ. ಡಬ್ಬಿಯ ಹಿಂದೆ ಅಸಿಡಿಟಿ ರೆಗ್ಯುಲೇಟರ್ 501 ಅಂತ ಇದ್ದರೆ ಈ ಜಾತಿಯದು. ಬಿಳಿಯ ಪಕ್ಕ ಎದ್ದು ಕಾಣಲು ಇದೇ ಒಳ್ಳೆಯದು. ಸಾದಾ ಕೋಕೋದಲ್ಲಿ ಮಾಡಿದರೆ ರುಚಿಗೇನೂ ಮೋಸ ಇಲ್ಲ, ಆದರೆ ಬೆಂದ ಮೇಲೆ ಎರಡು ಬಣ್ಣದ ನಡುವೆ ಅಷ್ಟು ಅಂತರ ಕಾಣುವುದಿಲ್ಲ.

ಬೆಣ್ಣೆ ಉಪ್ಪಿಲ್ಲದ್ದು ತಂದೆ. ಟೇಬಲ್ ಬೆಣ್ಣೆಗೆ ಉಪ್ಪಿನ ಜೊತೆ ಹಳದಿ ಬಣ್ಣವೂ ಸೇರಿರುತ್ತದೆ, ಬಿಳಿ ಚೌಕ ನಿಂಬೆ ಬಣ್ಣಕ್ಕೆ ತಿರುಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ನೀರಿನಂಶ ಜಾಸ್ತಿ, ಅದಕ್ಕೆ ಅಳತೆ ಕೂರುವುದಿಲ್ಲ. ಬೇಕರಿಯವರು ಡಾಲ್ಡಾ ಹಾಕುವುದು ಬರೀ ಕಾಸು ಉಳಿಸಲು ಅಂತ ನಾವು ಬೈಯುತ್ತೇವೆ. ಅರ್ಧ ನಿಜ. ಡಾಲ್ಡಾ ಬೆಣ್ಣೆಗಿಂತ ತಡವಾಗಿ ಕರಗುತ್ತದೆ, ಆಕಾರ ಚೆನ್ನಾಗಿ ನಿಲ್ಲುತ್ತದೆ. ಬೆಣ್ಣೆ 32 ಡಿಗ್ರಿ ಆಸುಪಾಸಿಗೆ ಬಂದರೆ ಸೋತುಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಅಡುಗೆಮನೆ ಅದಕ್ಕಿಂತ ಬಿಸಿ. ಆದ್ದರಿಂದ ಕಲಸುವ ಕೆಲಸವೆಲ್ಲ ಬೆಳಗಿನ ಜಾವ, ಹಾಲಿನವನು ಬರುವುದಕ್ಕೂ ಮುಂಚೆ.

ಬೆಣ್ಣೆ, ಸಕ್ಕರೆ, ಒಂದು ಚಿಟಿಕೆ ಉಪ್ಪು ಸೇರಿಸಿ ಮರದ ಸೌಟಿನಿಂದ ತಿರುವಿದೆ. ಕೇಕಿಗೆ ಮಾಡುವ ಹಾಗೆ ಬೆಳ್ಳಗಾಗುವ ತನಕ ನೊರೆ ಬರಿಸಬಾರದು, ಗಾಳಿ ಸೇರಿಕೊಂಡರೆ ಬಿಸ್ಕತ್ತು ಉಬ್ಬುತ್ತದೆ. ಬೆರೆತರೆ ಸಾಕು. ಅದನ್ನು ತೂಗಿ ಎರಡು ಪಾಲು ಮಾಡಿದೆ. ಒಂದಕ್ಕೆ ವೆನಿಲ್ಲಾ ಬೀಜ, 300 ಗ್ರಾಂ ಮೈದಾ. ಇನ್ನೊಂದಕ್ಕೆ 260 ಗ್ರಾಂ ಮೈದಾ, 40 ಗ್ರಾಂ ಕೋಕೋ, ಎರಡೂ ಜೊತೆಗೇ ಜರಡಿ ಹಿಡಿದದ್ದು. ಮೊದಲು ಬಿಳಿ ಕಲಸಿದರೆ ಪಾತ್ರೆ ತೊಳೆಯುವ ಕೆಲಸ ಉಳಿಯುತ್ತದೆ. ಚಪಾತಿ ಹಿಟ್ಟಿನ ಹಾಗೆ ನಾದುವಂತಿಲ್ಲ. ನಾದಿದಷ್ಟೂ ಮೈದಾ ಜಿಗುಟಾಗಿ ಬಿಸ್ಕತ್ತು ಗಟ್ಟಿಯಾಗುತ್ತದೆ. ಬೆರಳ ತುದಿಯಲ್ಲಿ ಒತ್ತಿ ಒತ್ತಿ ಉಂಡೆಗೆ ತಂದರೆ ಮುಗಿಯಿತು.

ಹದದ ಪಂಚಾಯಿತಿ ಇಲ್ಲಿ. ಬಿಳಿ ಉಂಡೆ ಮೆತ್ತಗೆ ಕೂತಿತ್ತು. ಕಪ್ಪು ಉಂಡೆ ಅಂಚಿನಲ್ಲಿ ಬಿರುಕು ಬಿಡುತ್ತಿತ್ತು. ಕೋಕೋ ಪುಡಿ ಮೈದಾಕ್ಕಿಂತ ಜಾಸ್ತಿ ತೇವ ಹೀರುತ್ತದೆ. ಹಾಗೇ ಬಿಟ್ಟು ಜೋಡಿಸಿದರೆ ಕತ್ತರಿಸುವಾಗ ಕಪ್ಪು ಪಟ್ಟಿ ಮುರಿಯುತ್ತದೆ, ಬೇಯುವಾಗ ಎರಡರ ನಡುವೆ ಬಾಯಿ ಬಿಡುತ್ತದೆ. ಮದ್ದು ಅಂದರೆ ತಣ್ಣನೆ ಹಾಲು, ಅದೂ ಟೀ ಚಮಚದಲ್ಲಿ. ಒಂದು ಚಮಚ ಹಾಕಿ ಒತ್ತಿದೆ, ಬಿರುಕು ಹೋಗಲಿಲ್ಲ. ಇನ್ನೊಂದು ಹಾಕಿದೆ. ಎರಡೂ ಉಂಡೆಯ ಮೇಲೆ ಎರಡು ಹೆಬ್ಬೆರಳು ಒಟ್ಟಿಗೆ ಊರಿ ನೋಡಿದೆ. ಗುಳಿ ಒಂದೇ ಆಳಕ್ಕೆ ಬಿತ್ತು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಗ್ರಾಂ ಲೆಕ್ಕ ಇಲ್ಲಿ ಕೈ ಬಿಡುತ್ತದೆ, ಯಾಕೆಂದರೆ ಮೈದಾ ಪ್ಯಾಕೆಟ್ಟಿಗೊಂದು ಥರ, ಕೋಕೋ ಡಬ್ಬಿಗೊಂದು ಥರ.

ಆಮೇಲಿನದು ಸ್ಕೇಲಿನ ಕಾಲ. ಪ್ಲಾಸ್ಟಿಕ್ ಹಾಳೆಗಳ ನಡುವೆ ಹಿಟ್ಟಿಟ್ಟು, ಎರಡೂ ಬದಿಗೆ ಒಂದು ಸೆಂಟಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟು, ಲಟ್ಟಣಿಗೆಯನ್ನು ಪಟ್ಟಿಯ ಮೇಲೆ ಓಡಿಸಿದೆ. ಎಲ್ಲ ಕಡೆ ಒಂದೇ ದಪ್ಪ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಗಟ್ಟಿಯಾಗಲು ಬಿಟ್ಟು, ಸ್ಕೇಲಿಟ್ಟು ಒಂದೊಂದು ಸೆಂಟಿಮೀಟರ್ ಅಗಲದ ಪಟ್ಟಿ ಕೊಯ್ದೆ. ದಪ್ಪವೂ ಒಂದು, ಅಗಲವೂ ಒಂದು, ಅದೇ ಚೌಕದ ಗುಟ್ಟು. ಕೆಳಗಿನ ಸಾಲು ಕಪ್ಪು ಬಿಳಿ ಕಪ್ಪು, ಅದರ ಮೇಲೆ ಬಿಳಿ ಕಪ್ಪು ಬಿಳಿ, ಮತ್ತೆ ಕಪ್ಪು ಬಿಳಿ ಕಪ್ಪು. ಒಂದು ದಿಂಡಿಗೆ ಕಪ್ಪು ಐದು, ಬಿಳಿ ನಾಲ್ಕು. ಹೀಗೇ ಎಲ್ಲ ದಿಂಡು ಮಾಡುತ್ತಾ ಹೋದರೆ ಬಿಳಿ ಹಿಟ್ಟು ಮಿಕ್ಕುತ್ತದೆ. ಅದಕ್ಕೆ ಇನ್ನೊಂದು ದಿಂಡನ್ನು ಬಿಳಿಯಿಂದ ಶುರು ಮಾಡುವುದು, ಆಗ ಲೆಕ್ಕ ಸರಿಹೋಗುತ್ತದೆ. ಪಟ್ಟಿಗಳ ಮಧ್ಯೆ ಹಾಲನ್ನು ಬೆರಳಿನಿಂದ ಸವರಿದೆ. ಒದ್ದೆ ಹೊಳಪು ಕಂಡರೆ ಸಾಕು, ಹನಿ ನಿಲ್ಲಬಾರದು. ದಿಂಡಿನ ನಾಲ್ಕೂ ಮೈಯನ್ನು ಸ್ಕೇಲಿನಿಂದ ಒತ್ತಿ ನೇರ ಮಾಡಿ, ಬಟರ್ ಪೇಪರ್ ಸುತ್ತಿ ಫ್ರೀಜರಿಗೆ ತಳ್ಳಿದೆ. ಅಂಚಿನ ಚೂರುಪಾರು ಒಟ್ಟುಗೂಡಿಸಿ ಉಂಡೆ ಕಟ್ಟಿದರೆ ಮಾರ್ಬಲ್ ಬಣ್ಣದ ಬಿಸ್ಕತ್ತು. ಅದು ಮನೆಯವರ ಬಾಯಿ ಮುಚ್ಚಿಸಲು.

ಕೊಯ್ಯುವಾಗ ಎರಡು ಕಡೆ ನಿಗಾ ಬೇಕು. ಒಂದು, ಪ್ರತಿ ಸಲ ಚಾಕು ಒರೆಸಬೇಕು. ಇಲ್ಲದಿದ್ದರೆ ಕಪ್ಪು ಎಳೆದು ಬಿಳಿಗೆ ಮೆತ್ತುತ್ತದೆ. ಇನ್ನೊಂದು, ನಾಲ್ಕಾರು ಬಿಲ್ಲೆ ಕೊಯ್ದ ಮೇಲೆ ದಿಂಡನ್ನು ಮಗ್ಗುಲು ತಿರುಗಿಸಬೇಕು. ಒಂದೇ ಕಡೆ ಒತ್ತುತ್ತಾ ಹೋದರೆ ಕೆಳಭಾಗ ಚಪ್ಪಟೆಯಾಗಿ ಚೌಕ ಹೋಗಿ ಹಲ್ಲಿಲ್ಲದ ನಗು ಬರುತ್ತದೆ. ಆರೇಳು ಮಿಲಿಮೀಟರ್ ದಪ್ಪ ಸಾಕು.

ನಮ್ಮದು ಸಾಧಾರಣ ಓಟಿಜಿ, ಕರೆಂಟಿನ ಪುಟ್ಟ ಓವನ್. 170 ಡಿಗ್ರಿಗಿಟ್ಟು ಕಾಲು ಗಂಟೆ ಕಾಯಿಸಿ, ನಡುವಿನ ಅಟ್ಟಕ್ಕೆ ಟ್ರೇ ಇಟ್ಟೆ. ಹಿಂದಿನ ಎಡಮೂಲೆ ಜಾಸ್ತಿ ಸುಡುತ್ತದೆ, ಅರ್ಧ ಬೆಂದಾಗ ಟ್ರೇ ತಿರುಗಿಸಬೇಕು. ಕಪ್ಪು ಚೌಕ ನೋಡಿ ಬೆಂದಿದೆಯೋ ಇಲ್ಲವೋ ಹೇಳಲು ಆಗುವುದೇ ಇಲ್ಲ, ಹಸಿಯಲ್ಲೂ ಅದೇ ಬಣ್ಣ, ಸೀದರೂ ಅದೇ ಬಣ್ಣ. ಸಾಕ್ಷಿ ಹೇಳುವುದು ಬಿಳಿ. ಅಂಚಿನ ಬಿಳಿ ಚೌಕ ಸ್ವಲ್ಪವೇ ಹೊಂಬಣ್ಣಕ್ಕೆ ತಿರುಗಿದ ತಕ್ಷಣ ಹೊರಗೆ ತೆಗೆಯಬೇಕು, 13 ನಿಮಿಷದ ಆಸುಪಾಸು. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅನ್ನಿಸುತ್ತದೆ. ಟ್ರೇಯಲ್ಲೇ ಐದು ನಿಮಿಷ ಬಿಟ್ಟರೆ ಬೆಣ್ಣೆ ಬಿಗಿದು ತಾನಾಗಿ ಗರಿಗರಿಯಾಗುತ್ತದೆ. ಎರಡನೇ ಟ್ರೇ ಒಳಗಿರುವಾಗ ಕರೆಂಟು ಹೋಯಿತು. ಬಾಗಿಲು ತೆಗೆಯಲಿಲ್ಲ. ಕಾದ ಓವನ್ನಿನ ಬಿಸಿಯಲ್ಲೇ ಬೆಂದವು, ಸ್ವಲ್ಪ ತಡವಾಗಿ. ನಿಜ ಹೇಳಬೇಕೆಂದರೆ ಆ ಟ್ರೇಯ ಬಿಳಿಯೇ ಎಲ್ಲಕ್ಕಿಂತ ಬೆಳ್ಳಗೆ ಬಂತು. ಆವತ್ತಿನಿಂದ ಕೊನೆಯ ಎರಡು ಮೂರು ನಿಮಿಷ ನಾನೇ ಸ್ವಿಚ್ ಆಫ್ ಮಾಡುತ್ತೇನೆ.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿದೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮೆತ್ತಗಾಗುತ್ತವೆ. ಒಂದೇ ಡಬ್ಬಿಯಲ್ಲಿ ನಾಲ್ಕೈದು ದಿನ ಇಟ್ಟರೆ ವೆನಿಲ್ಲಾ ಚೌಕವೂ ಚಾಕೊಲೇಟು ವಾಸನೆ ಹಿಡಿಯುತ್ತದೆ, ಹಾಗಾಗಿ ಮಾಡಿದ ಮಾರನೇ ದಿನವೇ ಹಂಚುವುದು ಒಳ್ಳೆಯದು.

ಜಯನಗರದಲ್ಲಿ ಮುಚ್ಚಳ ತೆಗೆದ ಕೂಡಲೇ ಒಬ್ಬಳು, "ಏನೇ, ಅಂಗಡಿದು ತರಬೇಡ ಅಂದ್ರೂ ತಂದಿದೀಯಲ್ಲೇ" ಅಂದಳು. ಹೊಗಳಿಕೆ ಅಂತಲೇ ತಗೊಂಡೆ. ಇನ್ನೊಬ್ಬಳು ಬಿಸ್ಕತ್ತನ್ನು ಕಿಟಕಿ ಬೆಳಕಿಗೆ ಹಿಡಿದು, "ಬಿಳಿ ಮೇಲೆ ಕಪ್ಪು ಚುಕ್ಕೆ ಇದೆ ಕಣೇ, ಮೈದಾ ಜರಡಿ ಹಿಡಿದಿದ್ಯಾ?" ಅಂತ ಕೇಳಿದಳು. ಅದು ಹುಳ ಅಲ್ಲ, ವೆನಿಲ್ಲಾ ಬೀಜ ಅಂತ ಹೇಳಿ, ಕಡ್ಡಿ ಹೆಬ್ಬೆರಳಿನ ಕಥೆಯನ್ನೂ ಹೇಳಬೇಕಾಯಿತು. ಕಥೆ ಮುಗಿಯುವಷ್ಟರಲ್ಲಿ ಅವಳ ಕೈಯಲ್ಲಿ ನಾಲ್ಕನೆಯದು. ಮಕ್ಕಳು ಕಪ್ಪು ಚೌಕವನ್ನಷ್ಟೇ ಕಚ್ಚಿ ತೆಗೆಯಲು ನೋಡಿದವು. ಗೆರೆಗೆ ಸರಿಯಾಗಿ ಒಂದೂ ಮುರಿಯಲಿಲ್ಲ, ಬಿಳಿಯೂ ಜೊತೆಗೇ ಬಂತು. ಆ ಎರಡು ಚಮಚ ಹಾಲಿಗೆ ನನ್ನ ನಮಸ್ಕಾರ. ಫಿಲ್ಟರ್ ಕಾಫಿಯಲ್ಲಿ ಅದ್ದಿದವರಿಗೆ ಮಾತ್ರ ಅರ್ಧ ಬಿಸ್ಕತ್ತು ಲೋಟದ ತಳ ಸೇರಿತು. ಇದು ಅದ್ದುವ ಬಿಸ್ಕತ್ತಲ್ಲ ಅಂತ ಮೊದಲೇ ಹೇಳಿದ್ದೆ. ಯಾರು ಕೇಳುತ್ತಾರೆ?

ಗೋಧಿಹಿಟ್ಟು, ಬೆಲ್ಲ ಹಾಕಿ ಮಾಡಬಹುದಾ ಅಂತಲೂ ಕೇಳಿದರು. ಮಾಡಬಹುದು. ಆದರೆ ಬೆಲ್ಲ ಹಾಕಿದರೆ ಬಿಳಿ ಅನ್ನುವುದೇ ಇರುವುದಿಲ್ಲ, ಕಂದು ಪಕ್ಕ ಕಂದು. ಅಷ್ಟು ಸ್ಕೇಲು ಹಿಡಿದು ಅದನ್ನು ಯಾಕೆ ಮಾಡಬೇಕು, ಸುಮ್ನೆ ಉಂಡೆ ತಟ್ಟಿದರೆ ಆಗುತ್ತದಲ್ವಾ?

ಒಂದು ಪುಟ್ಟ ಡಬ್ಬಿ ಪುತ್ತೂರಿಗೆ ಹೋಗುವವರ ಕೈಯಲ್ಲಿ ಚಿಕ್ಕಮ್ಮನಿಗೂ ಕಳಿಸಿದೆ. ಫೋನ್ ಬಂತು. "ಬಿಳಿ ಲಾಯ್ಕುಂಟು. ಕಪ್ಪು ಸ್ವಲ್ಪ ಕಹಿ ಆಯಿತು. ಸಕ್ಕರೆ ಹಾಕಲಿಕ್ಕೆ ಎಂತ ಬರಗಾಲ ನಿಂಗೆ?" ಸಕ್ಕರೆ ಏರಿಸಿದರೆ ಹರಡಿಕೊಳ್ಳುತ್ತದೆ ಚಿಕ್ಕಮ್ಮ, ಗೆರೆ ನಿಲ್ಲುವುದಿಲ್ಲ ಅಂದೆ. "ತಿನ್ನಲಿಕ್ಕಾ, ಗೆರೆ ನೋಡಲಿಕ್ಕಾ?" ಅಂದರು. ಮುಂದಿನ ಸಲ ಕೋಕೋ 40ರಿಂದ 30 ಗ್ರಾಂಗೆ ಇಳಿಸಿ, ಮೈದಾ ಅಷ್ಟು ಏರಿಸಿ ನೋಡುತ್ತೇನೆ. ಆಗ ಹಾಲೂ ಒಂದೇ ಚಮಚ ಸಾಕಾಗಬಹುದು.